ಸೆಕೆಂಡಿನ ಸತ್ಯ

ಕಂಪ್ಯೂಟರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಗೊತ್ತಿರುವುದಕ್ಕಿಂತ ಹೆಚ್ಚು ಹೇಳುವುದು ಸುಳ್ಳೋ, ಅಲ್ಲವೋ? ಪಂಚಾಂಗದ ಗಣಿತ ನೋಡುತ್ತ ಕುಳಿತಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಖಗೋಳದ ಲೆಕ್ಕಿಗರು ತಿಂಗಳು ವರ್ಷಗಳ ಗೊಡವೆಯೇ ಬೇಡವೆಂದು ಕ್ರಿ.ಪೂ. 4713ರಿಂದ ಒಂದೇ ಸಮನೆ ದಿನಗಳನ್ನು ಎಣಿಸುತ್ತಾರೆ. ಇದಕ್ಕೆ ಜೂಲಿಯನ್ ದಿನಸಂಖ್ಯೆ ಎಂದು ಹೆಸರು. 2000ನೇ ಇಸವಿ ಜನವರಿ 1ರ ಮಧ್ಯಾಹ್ನಕ್ಕೆ ಅದು 2451545. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಪ್ಯೂಟರಿನ 32 ಬಿಟ್‌ಗಳ ದಶಮಾಂಶ ಸಂಖ್ಯೆಯಾಗಿ ಇಟ್ಟರೆ ಕಾಲು ದಿನಕ್ಕಿಂತ ಸಣ್ಣ ವ್ಯತ್ಯಾಸ ಅದಕ್ಕೆ ಕಾಣುವುದೇ ಇಲ್ಲ. ಆ ಆರು ಗಂಟೆಗಳಲ್ಲಿ ಚಂದ್ರ ಮೂರು ಡಿಗ್ರಿಗೂ ಹೆಚ್ಚು ಸರಿದಿರುತ್ತಾನೆ! 64 ಬಿಟ್‌ಗಳಲ್ಲಿ ಇಟ್ಟರೆ ಸೆಕೆಂಡಿನ ಲಕ್ಷದ ನಾಲ್ಕು ಭಾಗದಷ್ಟು ಸೂಕ್ಷ್ಮ. ಇಂದಿನ ಲೆಕ್ಕವೆಲ್ಲ ಹೀಗೆಯೇ.

ಸೂಕ್ಷ್ಮವೇನೋ ಸಿಕ್ಕಿತು. ಅದು ಎಲ್ಲಿಯವರೆಗೆ ನಿಜ?

ಮಾಧ್ವರ ಏಕಾದಶಿಯನ್ನೇ ನೋಡಿ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮೊದಲು ಅರುಣೋದಯ. ಆಗ ಇನ್ನೂ ದಶಮಿ ಇದ್ದರೆ ಉಪವಾಸ ಮರುದಿನಕ್ಕೆ. ಶುಕ್ಲಪಕ್ಷದ ದಶಮಿ ಮುಗಿಯುವುದು ಚಂದ್ರ ಸೂರ್ಯನಿಂದ 120 ಡಿಗ್ರಿ ದೂರ ಸರಿದಾಗ. ಅದನ್ನು ಯಂತ್ರ ಸೆಕೆಂಡಿಗೆ ಸರಿಯಾಗಿ ಹೇಳಬಲ್ಲದು. ಆದರೆ ಸೂರ್ಯೋದಯ ಎಂದರೇನು? ಬಿಂಬದ ಅಂಚು ಕಂಡದ್ದೋ, ನಡುಭಾಗ ದಿಗಂತ ಮುಟ್ಟಿದ್ದೋ? ಗಾಳಿ ಬೆಳಕನ್ನು ಬಾಗಿಸಿ ಸೂರ್ಯನನ್ನು ಎತ್ತಿ ತೋರಿಸುವುದನ್ನು ಲೆಕ್ಕಕ್ಕೆ ಹಿಡಿಯಬೇಕೋ, ಬೇಡವೋ? ಈ ಆಯ್ಕೆಗಳಲ್ಲೇ ನಮ್ಮ ಸೀಮೆಯಲ್ಲಿ ಮೂರು ನಿಮಿಷಕ್ಕೂ ಮಿಕ್ಕ ಅಂತರವಿದೆ. ಗಾಳಿಯ ಪಾಲಿಗೆ 34 ಕಲೆ ಎಂದು ಹಿಡಿಯುವುದು ವಾಡಿಕೆ. ಗಾಳಿಯೋ ದಿನದಿನದ ಶಾಖ, ಒತ್ತಡಗಳಿಗೆ ತಕ್ಕಂತೆ ಬದಲಾಗುತ್ತದೆ. ಇನ್ನು ಮಂಗಳೂರಿಗೂ ಬೆಂಗಳೂರಿಗೂ ರೇಖಾಂಶದಿಂದಲೇ ಹನ್ನೊಂದು ನಿಮಿಷದ ವ್ಯತ್ಯಾಸ. ಘಟ್ಟದ ಮರೆಯ ಮಾತು ಬೇರೆ.

ಹೀಗಿದ್ದೂ ಸೂರ್ಯೋದಯವನ್ನು ಸೆಕೆಂಡಿನ ಸಮೇತ ಅಚ್ಚು ಹಾಕಿ, 'ಕಂಪ್ಯೂಟರ್ ಗಣಿತ' ಎಂದರೆ ಎದುರಾಡುವವರು ಯಾರು? ಎಂಬತ್ತು ದಾಟಿದ ಅಜ್ಜಿಗೆ ಒಂದು ಪಂಚಾಂಗ ಇವತ್ತು ಉಪವಾಸ ಎನ್ನುತ್ತದೆ, ಇನ್ನೊಂದು ನಾಳೆ ಎನ್ನುತ್ತದೆ. ತಪ್ಪೀತೆಂಬ ಭಯಕ್ಕೆ ಎರಡು ದಿನವೂ ಹಸಿದಿರುವವರಿದ್ದಾರೆ. ಇದು ಬರೀ ಗಣಿತದ ವಿಷಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

'ಜನಕ್ಕೆ ಬೇಕಾದ್ದು ಒಂದು ತೀರ್ಮಾನ, ನಿಮ್ಮ ಸಂದೇಹವಲ್ಲ' ಎಂದು ಯಾರಾದರೂ ಕೇಳಬಹುದು. ನ್ಯಾಯವೇ. ತೀರ್ಮಾನ ಬೇಕು, ಹಿರಿಯರೋ ಮಠವೋ ಮಾಡಲಿ, ತಮ್ಮ ಹೆಸರಿನಲ್ಲೇ ಮಾಡಲಿ. ಪಂಚಾಂಗದವರು ಯಾವ ಊರಿನ, ಯಾವ ಬಗೆಯ ಸೂರ್ಯೋದಯ ಹಿಡಿದಿದ್ದಾರೆಂದು ಪುಟದ ಕೆಳಗೆ ಒಂದು ಸಾಲು ಬರೆಯಲಿ. ದಶಮಿ ಅರುಣೋದಯಕ್ಕೆ ಒಂದೆರಡು ನಿಮಿಷ ಆಚೀಚೆ ಮುಗಿಯುವ ದಿನ ಅಲ್ಲೊಂದು ಗುರುತು ಹಾಕಲಿ.