ಬಾಲಾತಿಥಿಯ ಆಸನ

ಕಠೋಪನಿಷತ್ತಿನ ನಚಿಕೇತನು ಯಮಸದನದಲ್ಲಿ ಮೂರು ರಾತ್ರಿ ನಿರಾಹಾರನಾಗಿ ಕಾದನೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಹಾಗೆ ಕಾದವನು ಇನ್ನೂ ಕುಮಾರನೆಂಬುದನ್ನೂ, ಮರಳಿ ಬಂದ ಮೃತ್ಯುದೇವನು ಆ ಹುಡುಗನನ್ನು ನಮಸ್ಕಾರಾರ್ಹನಾದ ಅತಿಥಿಯೆಂದೇ ಕರೆದು ರಾತ್ರಿಗೊಂದರಂತೆ ವರಗಳನ್ನಿತ್ತನೆಂಬುದನ್ನೂ ಅಷ್ಟಾಗಿ ಮನನಮಾಡುವುದಿಲ್ಲ. ಆತಿಥ್ಯಕ್ಕೆ ವಯಸ್ಸಿನ ಮಿತಿಯಿಲ್ಲವೆಂದು ಇದರಿಂದ ಸಿದ್ಧವಾಗುವುದಾದರೆ, ತಂದೆತಾಯಿಯರೊಡನೆ ಹೋಟೆಲಿಗೆ ಬಂದ ವರ್ಷದ ಕೂಸನ್ನು ಅವರ ಕೈಚೀಲದಂತೆ ಕಾಣಬೇಕೋ, ತಾನೂ ಒಬ್ಬ ಅತಿಥಿಯೆಂದು ಕಾಣಬೇಕೋ?

ದೇವರನ್ನೂ ಅತಿಥಿಯಂತೆ ಸತ್ಕರಿಸುವ ಪೂಜೆಯ ಷೋಡಶೋಪಚಾರಗಳಲ್ಲಿ ಆವಾಹನೆಯ ಬೆನ್ನಿಗೇ ಬರುವುದು ಆಸನ. ನೈವೇದ್ಯದ ಸರದಿ ಬಹಳ ತಡವಾಗಿ. ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುತ್ತಿದ್ದ ಕಾಲದಲ್ಲಿ ಮಗುವಿಗೂ ಒಂದು ಮಣೆ, ಒಂದು ಪುಟ್ಟ ಎಲೆ ದೊರೆಯುತ್ತಿದ್ದುವು. ಆ ಪಂಕ್ತಿಯಲ್ಲಿ ಜಾತಿಭೇದವೆಂಬ ಮಹಾಪಾಪವಿದ್ದಿತು, ಅದನ್ನು ಮರೆಯಲಾಗದು; ಆದರೂ ನೆಲದ ಎತ್ತರ ಹಿರಿಯರಿಗೊಂದು ಕಿರಿಯರಿಗೊಂದು ಆಗಿರಲಿಲ್ಲ. ಮೇಜು ಬಂದಿತು, ಮಗು ಪಂಕ್ತಿಯಿಂದ ಹೊರಗುಳಿಯಿತು. ಅದನ್ನು ತೊಡೆಯ ಮೇಲಿರಿಸಿಕೊಂಡ ತಾಯಿ, ಬಿಸಿ ಸಾಂಬಾರಿನ ಬಟ್ಟಲನ್ನು ಅದರ ಕೈಗೆಟುಕದಷ್ಟು ದೂರಕ್ಕೆ ಸರಿಸಿ, ಆರಿಹೋದ ದೋಸೆಯನ್ನು ಒಂದೇ ಕೈಯಲ್ಲಿ ಮುರಿಯುತ್ತಾಳೆ. ಹೀಗೆ ಅತಿಥಿಗಳಿಬ್ಬರೂ ಉಪಚಾರವಂಚಿತರಾಗುತ್ತಾರೆ.

ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್ವಿಕ್ ಅವರು, ದೊಡ್ಡವರ ಮೇಜಿಗೆ ಕೈಯೆಟುಕದೆ ಕಾಲು ಜೋತಾಡಿಸುತ್ತ ಕುಳಿತಿದ್ದ ತಮ್ಮ ಮಗನನ್ನು ಕಂಡು, 1972ರಲ್ಲಿ ಟ್ರಿಪ್ ಟ್ರ್ಯಾಪ್ ಎಂಬ ಮರದ ಕುರ್ಚಿಯನ್ನು ರೂಪಿಸಿದರು. ಕೂರುವ ಹಲಗೆಯನ್ನೂ ಪಾದವಿಡುವ ಹಲಗೆಯನ್ನೂ ಮಗು ಬೆಳೆದಂತೆ ಬೇರೆ ಬೇರೆ ತೋಡುಗಳಿಗೆ ಇಳಿಸಬಹುದಾದ ಈ ಕುರ್ಚಿಯಲ್ಲಿ ಮಗು ಹಿರಿಯರ ಮೇಜಿಗೇ ಬಂದು, ಅವರ ಮುಖಕ್ಕೆ ಮುಖವಾಗಿ ಕುಳಿತು ಉಣ್ಣುತ್ತದೆ. ಹೀಗೆ ಮಗುವನ್ನು ಪಂಕ್ತಿಗೆ ಮರಳಿಸುವುದರಲ್ಲಿ ಧರ್ಮಸೂಕ್ಷ್ಮವೊಂದಿದೆಯೆಂದೇ ನನ್ನ ದೃಢವಾದ ನಂಬಿಕೆ.

ಹೋಟೆಲಿನವರು ಮಕ್ಕಳ ಕುರ್ಚಿಯನ್ನು ಆರಿಸುವಾಗ ಬಣ್ಣಕ್ಕೆ ಮರುಳಾಗದಿರಲಿ. ಮಗು ಮೇಜಿನಂಚಿಗೆ ಕಾಲೊತ್ತಿ ಹಿಂದಕ್ಕೆ ದೂಡುವುದುಂಟು. ಆಗ ಮಗುಚದಂತೆ ಕುರ್ಚಿಯ ಕಾಲುಗಳು ಅಗಲವಾಗಿ ಚಾಚಿರಬೇಕು. ಸೊಂಟದ ಪಟ್ಟಿಯೊಂದೇ ಸಾಲದು, ಮಗು ಕೆಳಕ್ಕೆ ಜಾರದಂತೆ ತೊಡೆಗಳ ನಡುವೆಯೂ ಪಟ್ಟಿ ಬೇಕು. ಅನ್ನದ ಅಗುಳು ಸೇರಿಕೊಳ್ಳುವ ಸಂದುಗಳಿರಬಾರದು. ಒದ್ದೆ ಬಟ್ಟೆಯ ಒಂದು ಒರಸಿಗೆ ಎಲ್ಲವೂ ಶುಚಿಯಾಗಬೇಕು. ಆಸರೆಯಿಲ್ಲದೆ ಕೂರಲಾರದ ಕೂಸಿಗೆ ಎಂಥ ಕುರ್ಚಿಯೂ ಸಲ್ಲದು. ಅನ್ನಪ್ರಾಶನಕ್ಕೆ ಹಿಂದಿನವರು ಆರನೆಯ ತಿಂಗಳನ್ನು ವಿಧಿಸಿದ್ದು, ಬಹುಪಾಲು ಕೂಸುಗಳು ಕೂರಲು ಕಲಿಯುವ ವಯಸ್ಸಿಗೆ ಎಷ್ಟು ಸಮೀಪವಾಗಿದೆ!

ಅರ್ಧ ಇಡ್ಲಿ ತಿನ್ನುವ ಗಿರಾಕಿಗೆ ಇಷ್ಟೆಲ್ಲ ವೆಚ್ಚವೇಕೆಂದು ಮಾಲೀಕರು ಕೇಳಬಹುದು. ಇಡ್ಲಿಗೆ ಬೆಲೆಯುಂಟು, ಬಿಲ್ಲಿನಲ್ಲಿ ಅದು ಬರುತ್ತದೆ. ಆಸನವು ಬಿಲ್ಲಿನಲ್ಲಿ ಬರುವುದಿಲ್ಲ, ಆದುದರಿಂದಲೇ ಅಂಗಡಿಯ ವ್ಯವಹಾರದಲ್ಲಿಯೂ ಅದೊಂದು ಉಪಚಾರವಾಗಿ ಉಳಿದಿದೆ. ಎರಡೇ ಕುರ್ಚಿಗಳಿರಲಿ, ಆದರೆ ಅವು ಪಟ್ಟಿ ಹರಿದು ಉಗ್ರಾಣದಲ್ಲಿ ಧೂಳು ಹಿಡಿಯದೆ, ತಾಯಿ ಬಾಯಿಬಿಟ್ಟು ಕೇಳುವ ಮುನ್ನವೇ ಮೇಜಿನ ಬಳಿಗೆ ಬರಲಿ.