ವಿದ್ಯಾಲಯದ ಭಂಡಾರಿಗಳು

‘ನಾಯಕ’ ಎಂಬುದು ಸಂಸ್ಕೃತದ ‘ನೀ’ ಧಾತುವಿನಿಂದ ಹುಟ್ಟಿದ ಶಬ್ದ. ಧಾತುಪಾಠವು ಇದಕ್ಕೆ ಕೊಡುವ ಅರ್ಥ ‘ಪ್ರಾಪಣ’, ಎಂದರೆ ಒಂದೆಡೆಗೆ ಮುಟ್ಟಿಸುವುದು. ಎಲ್ಲರಿಗಿಂತ ಮುಂದೆ ನಡೆಯುವವನೇ ನಾಯಕನೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಶಬ್ದವು ಹಾಗೆ ಹೇಳುವುದಿಲ್ಲ. ಹಿಂದೆ ಬಂದವರು ಸೇರಬೇಕಾದ ಎಡೆಯನ್ನು ಸೇರಿದರೆ ಮಾತ್ರ ಮುಂದೆ ನಡೆದವನಿಗೆ ಆ ಹೆಸರು ಸಲ್ಲುತ್ತದೆ. ಕನ್ನಡದ ‘ಒಡೆಯ’ ಶಬ್ದದ ಗತಿ ಬೇರೆ. ಅದರ ಅರ್ಥ ಉಳ್ಳವನು, ಸ್ವಾಮ್ಯವಿರುವವನು ಎಂದು. ಒಡೆಯರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದ ಸೀಮೆಯಲ್ಲಿ ಬಾಳುವ ನಮಗೆ ಈ ಎರಡು ಶಬ್ದಗಳು ಬೆರೆತುಹೋಗಿರುವುದು ಆಶ್ಚರ್ಯವೇನಲ್ಲ. ಆದರೆ ಶರಣರು ಇವೆರಡನ್ನೂ ಬಿಟ್ಟು ಮೂರನೆಯ ಒಂದು ಹೆಸರನ್ನು ಆರಿಸಿ, ತಮ್ಮಲ್ಲಿ ಅಗ್ರಗಣ್ಯರಾದವರಿಗೆ ಅದನ್ನೇ ಬಿರುದಾಗಿ ಕೊಟ್ಟರು. ಅದು ‘ಭಂಡಾರಿ’. ಬೀಗದ ಕೈ ಭಂಡಾರಿಯ ಬಳಿ ಇರುತ್ತದೆ. ಒಳಗಿನ ಹೊನ್ನು ಅವನದಲ್ಲ.

ಈ ವಿಚಾರವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣ, ಇಂದು ನಮ್ಮ ಗೃಹಸ್ಥರಲ್ಲಿ ಬಹುಮಂದಿ ತಮ್ಮ ಮಕ್ಕಳನ್ನು ಒಪ್ಪಿಸುತ್ತಿರುವುದು ಒಬ್ಬ ಗುರುವಿನ ಕೈಗೆ ಅಲ್ಲ, ಒಂದು ಮಂಡಲಿಯ ಕೈಗೆ. ಮೈಸೂರಿನಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ೧೯೫೪ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ನಾಗಮಂಗಲ ತಾಲ್ಲೂಕಿನಲ್ಲಿಯೇ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳವರಿಂದ ೧೯೭೪ರಲ್ಲಿ ಆದಿಚುಂಚನಗಿರಿಯ ಶಿಕ್ಷಣ ಟ್ರಸ್ಟು ಏರ್ಪಟ್ಟಿತು. ಒಂದು ಹೆಸರಿನ ಕೆಳಗೆ ಹತ್ತಾರು, ನೂರಾರು ಶಾಲೆಗಳು. ಮೇಲೆ ಅಧ್ಯಕ್ಷರು, ಕಾರ್ಯದರ್ಶಿಗಳು, ಕೋಶಾಧಿಕಾರಿಗಳು, ನಿರ್ದೇಶಕರು. ಅಮೆರಿಕದ ದೊಡ್ಡ ನಗರಗಳಲ್ಲಿಯೂ ಇಂಥ ಶಾಲಾಸಮೂಹಗಳು ಬೆಳೆದಿವೆ. ಅಲ್ಲಿ ಅವಕ್ಕೆ ಚಾರ್ಟರ್ ಶಾಲೆಗಳೆಂದು ಹೆಸರು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಸನ್ನದಿನ ಶಾಲೆಗಳು. ಮಿನ್ನೆಸೋಟ ಸಂಸ್ಥಾನದಲ್ಲಿ ೧೯೯೧ರಲ್ಲಿ ಇದಕ್ಕೆ ಕಾಯಿದೆಯಾಯಿತು, ಮರುವರ್ಷ ಮೊದಲ ಶಾಲೆ ತೆರೆಯಿತು. ಹಣ ಸರ್ಕಾರದ್ದು, ಆಡಳಿತ ಒಂದು ಖಾಸಗಿ ಮಂಡಲಿಯದು, ನಡುವೆ ನಿಯತಕಾಲದ ಒಂದು ಕರಾರು. ಒಪ್ಪಿಕೊಂಡ ಫಲವನ್ನು ತೋರದಿದ್ದರೆ ಸನ್ನದು ರದ್ದಾಗುತ್ತದೆ. ೧೮೫೪ರ ವುಡ್ಡರ ನಿರೂಪದಿಂದ ನಮ್ಮ ದೇಶಕ್ಕೆ ಬಂದ ಅನುದಾನದ ಪದ್ಧತಿ ಇದಕ್ಕೆ ಹತ್ತಿರದ ನೆಂಟ. ಒಂದು ವ್ಯತ್ಯಾಸವುಂಟು: ನಮ್ಮಲ್ಲಿ ಅನುದಾನ ಒಮ್ಮೆ ದೊರೆತ ಮೇಲೆ, ಮುಟ್ಟಿಸಬೇಕಾದ ಎಡೆಗೆ ಮಕ್ಕಳನ್ನು ಮುಟ್ಟಿಸಿದಿರಾ ಎಂದು ಮಂಡಲಿಯನ್ನು ಕೂರಿಸಿ ಕೇಳುವವರು ವಿರಳ.

ಹಲವರು ಕೂಡಿ ನಡೆಸುವ ಕಾರ್ಯದಲ್ಲಿ ತಪ್ಪು ಘಟಿಸಿದರೆ ಅದು ಯಾರದು? ಪ್ರಶ್ನೆ ಸಣ್ಣದಾಗಿ ಕಾಣಬಹುದು. ನಾನು ಬಲ್ಲ ಒಂದು ಶಾಲೆಯಲ್ಲಿ, ಅದು ಯಾವುದೆಂಬುದು ಇಲ್ಲಿ ಬೇಡ, ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಕುಡಿಯುವ ನೀರಿನ ಪಂಪು ಕೆಟ್ಟಿತು. ಮುಖ್ಯೋಪಾಧ್ಯಾಯರು ಕಾರ್ಯದರ್ಶಿಗಳಿಗೆ ಬರೆದರು. ಅಂದಾಜುಪಟ್ಟಿ ಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಪಟ್ಟಿ ಹೋಯಿತು. ಮೊತ್ತವು ತಮ್ಮ ಅಧಿಕಾರದ ಮಿತಿಯನ್ನು ಮೀರಿತೆಂದು ಅವರು ಕೋಶಾಧಿಕಾರಿಗಳಿಗೆ ಕಳುಹಿಸಿದರು. ಸಭೆಯ ನಿರ್ಣಯವಿಲ್ಲದೆ ಹಣ ಕೊಡಲಾಗದೆಂದು ಅವರು ಹಿಂದಿರುಗಿಸಿದರು. ಅಧ್ಯಕ್ಷರು ಪರಸ್ಥಳದಲ್ಲಿದ್ದುದರಿಂದ ಸಭೆ ಸೇರಲಿಲ್ಲ. ಎಂಟು ವಾರ ಕಳೆಯಿತು. ಮಕ್ಕಳು ಮನೆಯಿಂದ ಸೀಸೆಯಲ್ಲಿ ನೀರು ತಂದರು, ತರಲಾಗದವರು ಮಧ್ಯಾಹ್ನದವರೆಗೆ ಬಾಯಾರಿ ಕುಳಿತರು. ಕಡತವನ್ನು ತೆರೆದು ನೋಡಿದರೆ ಒಬ್ಬರ ತಪ್ಪೂ ಕಾಣದು, ಪ್ರತಿಯೊಬ್ಬರೂ ನಿಯಮದಂತೆಯೇ ನಡೆದಿದ್ದಾರೆ. ಅದೇ ನನಗೆ ಭಯ ಹುಟ್ಟಿಸಿದ್ದು. ಕೆಟ್ಟವರು ಕೆಟ್ಟದ್ದನ್ನು ಮಾಡಿದರೆ ತಿದ್ದಲು ದಾರಿಯುಂಟು. ಒಳ್ಳೆಯವರೇ ಸೇರಿ, ಯಾರೂ ಮಾಡದ ಒಂದು ಕೆಡುಕು ಆಗಿಹೋದರೆ ತಿದ್ದುವುದು ಯಾರನ್ನು?

ಇಲ್ಲಿ ಒಂದು ತಪ್ಪು ಗಣಿತವಿದೆಯೆಂದು ನನಗೆ ತೋರುತ್ತದೆ. ಹತ್ತು ಎಕರೆ ಹೊಲವನ್ನು ಐವರು ಅಣ್ಣತಮ್ಮಂದಿರು ಹಂಚಿಕೊಂಡರೆ ತಲಾ ಎರಡೆಕರೆ. ಹೊಣೆಯೂ ಹೀಗೆಯೇ ಪಾಲಾಗುತ್ತದೆಂದೂ, ಐವರಿರುವಲ್ಲಿ ನನ್ನದು ಐದರಲ್ಲಿ ಒಂದು ಪಾಲೆಂದೂ ಮಂಡಲಿಯವರು ತಿಳಿಯುತ್ತಾರೆ. ನಮ್ಮ ಧರ್ಮಶಾಸ್ತ್ರಜ್ಞರು ಈ ಲೆಕ್ಕವನ್ನು ಒಪ್ಪಲಿಲ್ಲ. ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಸುಮ್ಮನೆ ಅನುಮೋದಿಸಿದವನು, ಈ ನಾಲ್ವರೂ ಪುಣ್ಯಪಾಪಗಳಲ್ಲಿ ಸಮಭಾಗಿಗಳೆಂಬುದು ಅವರ ಮತ. ಸಮಭಾಗವೆಂದರೆ ಕಾಲುಕಾಲು ಭಾಗವೆಂದು ಕೆಲವರು ವ್ಯಾಖ್ಯಾನಿಸುವರು. ನಾನು ಒಪ್ಪಲಾರೆ. ಕಾಲು ಪಾಲಿಗೆ ಇಳಿಯುವುದಾದರೆ ಪಾಪವನ್ನು ತೊಳೆಯುವುದಕ್ಕೆ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದೇ ಸಾಕಾಗುತ್ತಿತ್ತು! ನಾಲ್ವರಲ್ಲಿ ಒಬ್ಬೊಬ್ಬರಿಗೂ ಪೂರ್ತಿಯಾಗಿಯೇ ತಗಲುತ್ತದೆ ಎಂದು ತಿಳಿಯುವುದೇ ನ್ಯಾಯ.

ಆದರೆ ಎಲ್ಲರಿಗೂ ಪೂರ್ತಿ ಹೊಣೆಯೆಂದರೆ ದಿನದ ಕೆಲಸ ನಡೆಯುವ ಬಗೆ ಹೇಗೆ? ಇದಕ್ಕೆ ಉತ್ತರ ನಮ್ಮ ಕೆರೆಗಳ ಬಳಿಯೇ ಇತ್ತು. ನಾಗಮಂಗಲ, ಕೃಷ್ಣರಾಜಪೇಟೆಯ ಕಡೆಯ ಕೆರೆಯೂರುಗಳಲ್ಲಿ ನೀರುಗಂಟಿಯೆಂಬವನೊಬ್ಬನಿರುತ್ತಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ಅವನು ನಿಂತು ನೋಡುತ್ತಿದ್ದನು. ಕೊಯ್ಲು ಮುಗಿದ ಮೇಲೆ ಕಣದಲ್ಲಿ ಅಳೆದುಕೊಟ್ಟ ಧಾನ್ಯ ಅವನ ಪ್ರತಿಫಲ. ಪಟೇಲನಾದರೂ ತೂಬಿಗೆ ತಾನಾಗಿ ಕೈಹಾಕುವಂತಿರಲಿಲ್ಲ. ನೀರು ಬಾರದಿದ್ದರೆ ಕೇಳಬೇಕಾದವನು ಯಾರೆಂದು ಊರಿನ ಕೂಸಿಗೂ ಗೊತ್ತಿತ್ತು. ಇನ್ನು ಮಳೆ ಹೆಚ್ಚಿ ಏರಿ ಬಿರಿದ ರಾತ್ರಿ ನೀರುಗಂಟಿ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಗುದ್ದಲಿ, ಮಂಕರಿ ಹಿಡಿದು ಊರಿಗೆ ಊರೇ ಓಡುತ್ತಿತ್ತು. ನಿತ್ಯದ ಕೆಲಸಕ್ಕೆ ಒಬ್ಬನ ಹೆಸರು, ಒಡಕಿಗೆ ಎಲ್ಲರ ಮೈ. ನಾನು ಹೇಳಿದ ಪಂಪಿನ ಪ್ರಕರಣದಲ್ಲಿ ಇದು ತಲೆಕೆಳಗಾಗಿತ್ತು: ನಿತ್ಯದ ಕೆಲಸಕ್ಕೆ ಎಲ್ಲರ ರುಜು ಬೇಕಾಗಿತ್ತು, ಒಡಕಿಗೆ ಒಬ್ಬರೂ ಇರಲಿಲ್ಲ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹಲವು ಊರುಗಳಲ್ಲಿ ನೀರುಗಂಟಿ ಹೊಲೆಗೇರಿಯವನು. ಊರಿನ ಗದ್ದೆಗಳಿಗೆಲ್ಲ ನೀರು ಬಿಟ್ಟವನಿಗೆ ಮೇಲುಕೇರಿಯ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕಿರಲಿಲ್ಲ. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ನಮ್ಮ ನಾಲಗೆ ಇಲ್ಲಿ ತಡೆಯಲೇಬೇಕು.

ಈಗ ನಮ್ಮ ಸಮಾಜದ ಚರಿತ್ರೆಯಲ್ಲಿಯೇ ಇರುವ ಒಂದು ಉಜ್ವಲ ನಿದರ್ಶನಕ್ಕೆ ಬರೋಣ. ೧೯೧೬ನೆಯ ಇಸವಿ ನವೆಂಬರ್ ತಿಂಗಳಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆಯ ರೂಪದಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರು ಏಳು ಮಂದಿ: ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ವಿ. ವಿ. ಪಾಟೀಲ. ಜನ ಇವರನ್ನು ಸಪ್ತರ್ಷಿಗಳೆಂದು ಕರೆದರು. ಅಂದಿನ ಸ್ಥಿತಿಯಲ್ಲಿ ಧನಿಕರ ನೆರವಿಲ್ಲದೆ ಈ ಕಾರ್ಯ ಸಾಗುವಂತಿರಲಿಲ್ಲ. ಗಿಲಗಂಚಿ ಮತ್ತು ಅರಟಾಳ ಮನೆತನಗಳ ಹೆಸರನ್ನು ಅಲ್ಲಿಯ ಪ್ರೌಢಶಾಲೆ ಹೊತ್ತಿದೆ. ತಮ್ಮ ಸಂಸ್ಥಾನದ ಸೊತ್ತನ್ನು ಸಮಾಜದ ವಿದ್ಯೆಗಾಗಿ ಬಿಟ್ಟುಹೋದ ಶಿರಸಂಗಿ ಲಿಂಗರಾಜರ ಹೆಸರಿನಲ್ಲಿ ೧೯೩೩ರಲ್ಲಿ ಕಾಲೇಜು ಬಂದಿತು. ಇಂದು ಆ ಸಂಸ್ಥೆಯ ಅಂಗಸಂಸ್ಥೆಗಳು ೨೦೦ಕ್ಕೂ ಹೆಚ್ಚು.

ಸಂಖ್ಯೆ ನನ್ನನ್ನು ಅಷ್ಟಾಗಿ ಸೆಳೆಯುವುದಿಲ್ಲ. ನನ್ನನ್ನು ಸೆಳೆಯುವುದು ‘ಆಜೀವ ಸದಸ್ಯ’ ಎಂಬ ಆ ಪದ್ಧತಿ. ಅದಕ್ಕೆ ಹಿಂದೆ ಪುಣೆಯಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಡೆಕ್ಕನ್ ಎಜುಕೇಷನ್ ಸೊಸೈಟಿಯಲ್ಲಿ ಆ ಪದ್ಧತಿ ನೆಲೆಗೊಂಡಿತ್ತು. ಇಪ್ಪತ್ತು ವರ್ಷ ಸಂಸ್ಥೆಗೇ ದುಡಿಯುತ್ತೇನೆ, ಅಲ್ಪವೇತನದಲ್ಲಿ ತೃಪ್ತನಾಗಿರುತ್ತೇನೆ ಎಂದು ಪಣತೊಟ್ಟ ಅಧ್ಯಾಪಕರೇ ಅಲ್ಲಿ ಆಡಳಿತಗಾರರು. ಗೋಖಲೆಯವರು ತಿಂಗಳಿಗೆ ೭೫ ರೂಪಾಯಿಗೆ ದುಡಿದದ್ದು ಪ್ರಸಿದ್ಧವಾಗಿದೆ. ಆದರೆ ಅಂಥ ಮಹನೀಯರ ನಡುವೆಯೂ ಬಿರುಕು ಬಿಟ್ಟಿತು. ಆಜೀವ ಸದಸ್ಯನು ಹೊರಗೆ ಗಳಿಸಬಾರದು, ಗಳಿಸಿದರೂ ಅದು ಸಂಸ್ಥೆಗೆ ಸೇರಬೇಕೆಂಬುದು ತಿಲಕರ ಪಕ್ಷ. ಅಷ್ಟು ಬಿಗಿ ಬೇಡವೆಂಬುದು ಇತರರ ಪಕ್ಷ. ೧೮೯೦ರಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರಬಂದರು. ಹಣಕ್ಕಾಗಿ ಜಗಳವಾಡಿದರೆಂದು ಹಗುರವಾಗಿ ಆಡಬಾರದು. ನಾಯಕರು ತಮಗಾಗಿ ಎಷ್ಟನ್ನು ತೆಗೆದುಕೊಳ್ಳಬಹುದು ಎಂಬುದಕ್ಕಿಂತ ಗುರುತರವಾದ ಪ್ರಶ್ನೆ ಒಂದು ಸಂಸ್ಥೆಗೆ ಬೇರೆ ಯಾವುದಿದೆ?

ನಮ್ಮಲ್ಲಿ ಈ ಪ್ರಶ್ನೆಯನ್ನು ಆಯ್ದಕ್ಕಿ ಲಕ್ಕಮ್ಮನು ಬಹು ಹಿಂದೆಯೇ ಇತ್ಯರ್ಥ ಮಾಡಿದ್ದಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದನು. ಕದ್ದ ಅಕ್ಕಿಯಲ್ಲ, ಬೇಡಿದ ಅಕ್ಕಿಯೂ ಅಲ್ಲ. ಆದರೂ ಮನೆಯೊಳಗೆ ಅದನ್ನು ಸೇರಿಸದೆ, ತಂದಲ್ಲಿಗೇ ಒಯ್ದು ಸುರಿದು ಬಾ ಎಂದು ಆ ತಾಯಿ ಕಳುಹಿಸಿದಳು. ಶರಣರ ಚರಿತ್ರೆಯನ್ನು ಓದಿದವರೆಲ್ಲರಿಗೂ ಈ ಪ್ರಸಂಗ ಗೊತ್ತು. ನಾವು ಸಾಮಾನ್ಯವಾಗಿ ಗಮನಿಸದ ಅಂಶವೆಂದರೆ, ಹೆಚ್ಚಾಯಿತೆಂದು ಕಂಡುಕೊಂಡವನು ಮಾರಯ್ಯನಲ್ಲ. ಆಯುವವನ ಕಣ್ಣಿಗೆ ಎಲ್ಲ ಕಾಳೂ ಕಾಯಕದ್ದಾಗಿಯೇ ಕಾಣುತ್ತದೆ. ಅಳೆಯುವವರು ಬೇರೆ ಒಬ್ಬರಿರಬೇಕು, ಅವರು ಮನೆಯೊಳಗಿನವರಾಗಿರಬೇಕು, ಹೇಳಿದಾಗ ಕೇಳುವ ಗುಣ ತಂದವನಲ್ಲಿರಬೇಕು. ಆಡಳಿತ ಮಂಡಲಿಯೊಂದು ಹೊರಗಿನ ಲೆಕ್ಕಪರಿಶೋಧಕನಿಗೆ ಹೆದರುವುದು ಸಾಮಾನ್ಯ. ಒಳಗೊಬ್ಬ ಲಕ್ಕಮ್ಮ ಇದ್ದಾಳೆಯೇ ಎಂಬುದನ್ನು ನೋಡಬೇಕು.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ಕಥೆಯೂ ನೆನಪಾಗುತ್ತದೆ. ಬಸವಣ್ಣನವರು ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಬಿಜ್ಜಳನ ಬಳಿ ದೂರು ಹೋದ ಕಥೆಯನ್ನು ಬಸವಪುರಾಣ ಹೇಳುತ್ತದೆ. ಭಂಡಾರವನ್ನು ತೆರೆದು ಎಣಿಸಿದರು. ಒಂದು ಹೊನ್ನೂ ಕಡಮೆಯಿರಲಿಲ್ಲ. ಭಕ್ತರು ಇದನ್ನು ಪವಾಡವೆಂದು ಕೊಂಡಾಡುವರು, ನಾನು ಅಡ್ಡಿಪಡಿಸಲಾರೆ. ಆದರೆ ಕಥೆಯ ಮೊದಲರ್ಧವೂ ಗಮನಕ್ಕೆ ಅರ್ಹವಾದದ್ದು. ದೂರು ಹೇಳಿದವರ ಯೋಗ್ಯತೆಯೇನು ಎಂದು ಭಂಡಾರಿ ಕೇಳಲಿಲ್ಲ, ನನ್ನ ಸೇವೆಯನ್ನು ಸಂಶಯಿಸುತ್ತೀರಾ ಎಂದು ಕೋಪಿಸಿಕೊಳ್ಳಲಿಲ್ಲ. ಬೀಗ ತೆರೆದರು. ಇಂದು ಸಂಸ್ಥೆಯ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಬಡ ಸದಸ್ಯ ಎದ್ದು ಕಟ್ಟಡನಿಧಿಯ ಲೆಕ್ಕ ಕೇಳಿದರೆ ವೇದಿಕೆಯ ಮೇಲಿನವರ ಮುಖ ಏಕೆ ಕೆಂಪಾಗಬೇಕು?

ಬೆಳಗಾವಿಯ ಆ ಏಳು ಮಂದಿಯಲ್ಲಿ ಇನ್ನೊಂದು ವಿಶೇಷವಿತ್ತು. ಸಂಸ್ಥೆಯನ್ನು ಆಳಿದವರೇ ಓದನ್ನು ಬಿಡದವರು. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ೧೯೪೨ರಲ್ಲಿ ಮಹಾಗ್ರಂಥವನ್ನು ಹೊರತಂದರು. ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿದರು, ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಸೇರಿ ಅವನ್ನು ಇಂಗ್ಲಿಷಿಗೂ ತಂದರು. ಇಂದಿನ ಶಾಲಾಸಮೂಹಗಳಲ್ಲಿ ನಾಯಕನಾಗುವುದೆಂದರೆ ಮೊದಲು ತರಗತಿಯನ್ನು ಬಿಡುವುದು, ಆಮೇಲೆ ಶಾಲೆಯನ್ನು ಬಿಡುವುದು, ಕಡೆಗೆ ನಗರದ ಕೇಂದ್ರ ಕಚೇರಿಯಲ್ಲಿ ಕೂರುವುದು. ಅಮೆರಿಕದಲ್ಲಿಯೂ ಹೀಗೆಯೇ, ಮೈಸೂರು ಬೆಂಗಳೂರುಗಳಲ್ಲಿಯೂ ಹೀಗೆಯೇ. ಕೇಂದ್ರ ಕಚೇರಿ ಬೇಡವೆಂದು ನಾನು ಹೇಳುತ್ತಿಲ್ಲ. ನೂರು ಶಾಲೆಗಳ ಸಂಬಳದ ಪಟ್ಟಿಯನ್ನು ಆಲದ ಮರದ ಕೆಳಗೆ ಬರೆಯಲಾಗದು. ಆದರೆ ಕಾಯಕವಿಲ್ಲದ ಗುರುವನ್ನೂ ಶರಣರು ವಿನಾಯತಿ ಕೊಟ್ಟು ಬಿಟ್ಟವರಲ್ಲ. ನಿರ್ದೇಶಕರಾದವರು ವಾರಕ್ಕೊಂದು ಪಾಠವನ್ನಾದರೂ ತಮಗಾಗಿ ಇಟ್ಟುಕೊಂಡರೆ, ಬೆಂಚಿಗೆ ಐವರು ಕುಳಿತಿದ್ದಾರೆಂಬುದನ್ನು ವರದಿಯಿಂದ ತಿಳಿಯಬೇಕಾಗುವುದಿಲ್ಲ.

ಪೀಠದ ವಿಷಯದಲ್ಲಿಯೂ ಇಷ್ಟನ್ನು ನೆನೆಯಬಹುದು. ಕಲ್ಯಾಣದಲ್ಲಿ ಅಧಿಕಾರ, ಧನ, ಜನ ಎಲ್ಲವೂ ಬಸವಣ್ಣನವರ ಬಳಿ ಇದ್ದವು. ಶೂನ್ಯಸಿಂಹಾಸನದ ಮೇಲೆ ಕುಳಿತವರು ಅಲ್ಲಮಪ್ರಭುಗಳು. ಊರಿನಿಂದೂರಿಗೆ ನಡೆಯುತ್ತಿದ್ದ, ಏನನ್ನೂ ಕಟ್ಟಿಕೊಳ್ಳದ ಒಬ್ಬ ಜಂಗಮರನ್ನು, ತಮ್ಮನ್ನು ಪ್ರಶ್ನಿಸಬಲ್ಲವರನ್ನು, ಕಟ್ಟಿದವರೇ ಮೇಲೆ ಕೂರಿಸಿದರು. ಸ್ಥಾಪಕರ ಮಗನೇ ಕಾರ್ಯದರ್ಶಿ, ಅಳಿಯನೇ ಕೋಶಾಧಿಕಾರಿ ಆಗಿರುವ ಕೆಲವು ಮಂಡಲಿಗಳಲ್ಲಿ ಬಸವ ಜಯಂತಿಯನ್ನು ಬಹಳ ವೈಭವದಿಂದ ಆಚರಿಸುತ್ತಾರೆ.

ಇನ್ನು ಮಂಡಲಿಯಲ್ಲಿ ಯಾರಿಲ್ಲವೆಂಬ ವಿಚಾರ. ಬೆಳಗಾವಿಯ ಸಪ್ತರ್ಷಿಗಳಲ್ಲಿ ಸ್ತ್ರೀಯಿರಲಿಲ್ಲ. ಆ ಕಾಲಕ್ಕೆ ಅದು ಯಾರಿಗೂ ಕೊರತೆಯಾಗಿ ತೋರಿರಲಾರದು. ಅಕ್ಕನೂ ಲಕ್ಕಮ್ಮನೂ ಮಾತನಾಡಿದ ಪರಂಪರೆಯವರಿಗೆ ತೋರಬೇಕಾಗಿತ್ತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆತಾಯಿಗಳಿರಬೇಕೆಂದೂ ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿತು. ನಮ್ಮ ಖಾಸಗಿ ಸಂಸ್ಥೆಗಳು ಈ ನಿಯಮ ತಮಗಲ್ಲವೆಂದು ನೆಮ್ಮದಿಯಾಗಿವೆ. ಸಮಿತಿಯಿರುವಲ್ಲಿಯೂ ಸಭೆಯನ್ನು ಕರೆಯುವುದು ಬೆಳಗಿನ ಹನ್ನೊಂದು ಗಂಟೆಗೆ. ಪಾಂಡವಪುರದ ಕಡೆ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ತಾಯಿ ಆ ಹೊತ್ತಿಗೆ ಬಂದರೆ ಅಂದಿನ ಕೂಲಿ ಹೋಗುತ್ತದೆ. ಬಾರದಿದ್ದರೆ ಗೈರುಹಾಜರಿ ಎಂದು ಬರೆಯುತ್ತಾರೆ. ಸಂಜೆಗೆ ಸಭೆಯಿಟ್ಟರೆ ಅವಳು ಬರುತ್ತಾಳೆ, ಮೊದಮೊದಲು ಬಾಗಿಲ ಬಳಿ ನಿಲ್ಲುತ್ತಾಳೆ, ಮೂರನೆಯ ಸಭೆಯಲ್ಲಿ ಮಾತನಾಡುತ್ತಾಳೆ. ಶಾಲೆಯ ಪಂಪು ಕೆಟ್ಟಿದೆಯೆಂಬುದು ಕಾರ್ಯದರ್ಶಿಗಳಿಗಿಂತ ಎಷ್ಟೋ ಮೊದಲು, ಮಗುವಿನ ಚೀಲದಿಂದ ಬರಿದಾದ ಸೀಸೆಯನ್ನು ತೆಗೆಯುವ ಅವಳಿಗೆ ತಿಳಿದಿರುತ್ತದೆ.