ಇತಿಹಾಸಕಾರರೊಡನೆ ಮಾತು

ಇತಿಹಾಸವು ಜನಪ್ರಿಯವಾಗಬೇಕಾದರೆ ವಿದ್ವಾಂಸರನ್ನು ಊರೂರಿಗೆ ಕರೆತಂದು ಮಾತನಾಡಿಸಬೇಕು, ಜನರು ಕೇಳಿ ತಮ್ಮ ತಪ್ಪು ತಿಳಿವಳಿಕೆಗಳನ್ನು ತಿದ್ದಿಕೊಳ್ಳಬೇಕು ಎಂಬ ಮಾತನ್ನು ಸುಶಿಕ್ಷಿತ ಮಿತ್ರರೊಬ್ಬರು ಈಚೆಗೆ ಎಷ್ಟು ನಿಶ್ಚಿಂತೆಯಿಂದ ಆಡಿದರೆಂದರೆ, ಅಂದು ಹತ್ತಿದ ಅಸಮಾಧಾನ ನನ್ನನ್ನು ಇನ್ನೂ ಬಿಟ್ಟಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಗದ್ದೆ ತಾನಾಗಿ ನೆನೆಯುವುದೆಂಬ ಈ ಲೆಕ್ಕದಲ್ಲಿ ಸಂವಾದಕ್ಕೆ ಸ್ಥಳವೆಲ್ಲಿ? ನಡೆದದ್ದನ್ನು ನಡೆದಂತೆಯೇ ಹೇಳಬೇಕೆಂಬ ಇತಿಹಾಸಕಾರ ರಾಂಕೆಯ ಪಂಥವಾಗಲಿ, ಹಂಪೆಯ ವೈಭವವನ್ನು ನೆನೆದು ನಿಟ್ಟುಸಿರಿಡುವ ನಮ್ಮವರ ಪಂಥವಾಗಲಿ ನನ್ನನ್ನು ಎಂದೂ ಕಾಡಿದ್ದಿಲ್ಲ. ಅವೆರಡಕ್ಕೂ ದೂರದಿಂದಲೇ ನಮಸ್ಕಾರ. ನನ್ನ ಮಿತ್ರರ ಬೆನ್ನಿಗೆ, ಅವರಿಗೇ ತಿಳಿಯದಂತೆ, ಅವರಿಗಿಂತ ಬಲಿಷ್ಠನೊಬ್ಬನು ನಿಂತಿದ್ದಾನೆ. ಅವನು ಇತಿಹಾಸಕಾರ ಇ. ಎಚ್. ಕಾರ್.

1961ರಲ್ಲಿ ಕೇಂಬ್ರಿಡ್ಜಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಕಾರ್ ಒಂದು ನಿದರ್ಶನವನ್ನೆತ್ತಿಕೊಳ್ಳುತ್ತಾನೆ. 1850ರಲ್ಲಿ ಸ್ಟೇಲಿಬ್ರಿಜ್ ಎಂಬ ಊರಿನ ಜಾತ್ರೆಯಲ್ಲಿ ಶುಂಠಿಯ ತಿನಿಸು ಮಾರುವವನೊಬ್ಬನನ್ನು ಯಃಕಶ್ಚಿತ್ ಜಗಳಕ್ಕಾಗಿ ಜನರು ಒದ್ದು ಕೊಂದರು. ನಡೆದದ್ದೇನೋ ನಿಜ, ಆದರೆ ಅದು ಐತಿಹಾಸಿಕ ಸಂಗತಿಯೆ? ಕಿಟ್ಸನ್ ಕ್ಲಾರ್ಕ್ ಎಂಬ ಇತಿಹಾಸಕಾರನು ತನ್ನ ಉಪನ್ಯಾಸದಲ್ಲಿ ಉಲ್ಲೇಖಿಸಿದ ಮೇಲೆ ಅದು ಐತಿಹಾಸಿಕ ಸಂಗತಿಗಳ ಕ್ಲಬ್ಬಿನ ಸದಸ್ಯತ್ವಕ್ಕೆ ಅರ್ಜಿ ಹಾಕಿಕೊಂಡಂತಾಯಿತು, ಇನ್ನು ಬೇರೆ ವಿದ್ವಾಂಸರು ಅನುಮೋದಿಸಬೇಕು ಎಂಬುದು ಕಾರನ ವಿನೋದದ ತೀರ್ಪು. ವಿನೋದವೆಂದು ನಕ್ಕು ಮುಂದೆ ಹೋಗಲು ನನಗೆ ಸಾಧ್ಯವಾಗಲಿಲ್ಲ. ಸತ್ತವನ ಮನೆಯವರು ಆ ಸಾವನ್ನು ನೆನೆಯುವುದಕ್ಕೆ ಯಾವ ಅನುಮೋದಕನನ್ನು ಕಾದಿದ್ದರು? ನಮ್ಮ ಕೂಡ್ಲಿಗಿ ಸೀಮೆಯ ಗುಡೇಕೋಟೆಯವರು ಒನಕೆ ಓಬವ್ವನ ತವರು ತಮ್ಮದೆಂದು ಹೇಳಿಕೊಳ್ಳುವಾಗ ಯಾರ ಅಪ್ಪಣೆ ಕೇಳಿದ್ದಾರೆ? 1779ರಲ್ಲಿ ಚಿತ್ರದುರ್ಗವು ಹೈದರನ ವಶವಾದುದನ್ನು ಗ್ರಂಥಗಳು ಹೇಳುವುವು; ಆದರೆ ಕಿಂಡಿಯ ಬಳಿ ಒನಕೆ ಹಿಡಿದು ನಿಂತವಳನ್ನು ಬದುಕಿಸಿಕೊಂಡು ಬಂದದ್ದು ಜನರ ಬಾಯಿ, ನಾಡಿನ ಮನೆಮನೆಗೆ ಒಯ್ದದ್ದು 1972ರ ‘ನಾಗರಹಾವು’ ಚಿತ್ರ, ಸರ್ಕಾರವು ಜಯಂತಿಯನ್ನಾಚರಿಸತೊಡಗಿದ್ದು 2021ರಲ್ಲಿ. ಕ್ಲಬ್ಬಿನವರು ಬಾಗಿಲು ತೆಗೆಯುವಷ್ಟರಲ್ಲಿ ಆಕೆ ಊರಿಗೆಲ್ಲ ಬೇಕಾದವಳಾಗಿದ್ದಳು.

ನಮ್ಮ ಹೊಸಹಳ್ಳಿಯಲ್ಲಿ ನಾನೇ ಕಂಡದ್ದೊಂದನ್ನು ಹೇಳುವೆನು. ಊರ ಹೊರಗಣ ವೀರಗಲ್ಲನ್ನು ನೋಡಲು ಬಂದ ವಿದ್ವಾಂಸರೊಬ್ಬರು ಕಲ್ಲಿಗೆ ನೀರು ಸುರಿದು, ತೆಂಗಿನ ನಾರಿನಿಂದ ಎಣ್ಣೆಜಿಡ್ಡನ್ನು ಉಜ್ಜಿ ತೆಗೆದು, ಕೆಳಗೆ ತುರುಗಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ ಎಂದು ನಮಗೆ ವಿವರಿಸಿ, ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋದರೆಂದು ಟಿಪ್ಪಣಿ ಬರೆಯುತ್ತಿದ್ದರು. ಕೋಲೂರಿ ನಿಂತಿದ್ದ ಮುದುಕನೊಬ್ಬ, ಜೀವಮಾನವೆಲ್ಲ ಕುರಿ ಕಾಯ್ದವನು, “ದನಗಳ ಮಕ ನೋಡ್ರಿ ಸಾಮಿ. ಇವನ ಬೆನ್ನಿಂದಕ್ಕೆ ನಿಂತಾವು, ಮಕ ಅತ್ತಾಗ ತಿರುಗೇತಿ. ಬಿಡಿಸ್ಕೊಂಡ ಮ್ಯಾಲೇ ಸತ್ತಾನ ಇವ” ಎಂದ. ವಿದ್ವಾಂಸರು ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಬಳಿಕ ಬರೆದಿದ್ದ ಸಾಲನ್ನು ಹೊಡೆದುಹಾಕಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಗೆಲುವು ನನ್ನದೇ ಆಗುತ್ತಿತ್ತು. ಆದರೆ ಕೈಫಿಯತ್ತುಗಳು ಅಡ್ಡ ಬರುತ್ತವೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿನ ಪಾಳೆಯಗಾರರನ್ನು ಹತ್ತಿಕ್ಕಿ ಕಂದಾಯವನ್ನು ಗೊತ್ತುಪಡಿಸುತ್ತಿದ್ದ ಕಾಲದಲ್ಲಿಯೇ, ಕರ್ನಲ್ ಮೆಕೆಂಜಿಯ ಕಡೆಯವರು ದಕ್ಷಿಣದೇಶದ ಊರುಗಳಲ್ಲಿ ಶಾನುಭೋಗರನ್ನೂ ಹಿರಿಯರನ್ನೂ ಕೂರಿಸಿಕೊಂಡು, ನಿಮ್ಮ ಊರಿನ ಪೂರ್ವೋತ್ತರವೇನೆಂದು ಕೇಳಿ ಬರೆದುಕೊಳ್ಳುತ್ತಿದ್ದರು; ಆ ಬರಹಗಳೇ ಕೈಫಿಯತ್ತುಗಳು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದಿತು. ಜನರೊಡನೆ ಮಾತನಾಡಿ ಪಡೆದ ಇತಿಹಾಸಕ್ಕೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನರಿಯೆ. ಓದುತ್ತ ಹೋದಂತೆ ವಂಶಾವಳಿಯ ನಡುವೆ ಒಂದು ಬಿನ್ನಹದ ಧ್ವನಿ ಕೇಳಿಸುತ್ತದೆ. ಕೇಳುತ್ತಿರುವವನು ಸರ್ಕಾರದ ಕಡೆಯವನು, ಇನಾಮು ಉಳಿಯುವುದೂ ಹೋಗುವುದೂ ಪ್ರಾಚೀನತೆಯನ್ನವಲಂಬಿಸಿದೆ ಎಂಬ ಅರಿವಿದ್ದವನು ತನ್ನ ಮನೆತನದ ಮೂಲವನ್ನು ಎರಡು ತಲೆಮಾರು ಹಿಂದಕ್ಕೆ ಜಗ್ಗದೆ ಇರುವನೆ? ಇದನ್ನು ಕಂಡುಹಿಡಿಯತಕ್ಕವನು ಶಾಸನದ ಪಕ್ಕದಲ್ಲಿಟ್ಟು ಪಂಕ್ತಿಪಂಕ್ತಿಯನ್ನೂ ತಾಳೆನೋಡುವ ಆ ಶುಷ್ಕ ಪಂಡಿತನೇ ಹೊರತು ನಾನಲ್ಲ, ನಮ್ಮ ಕುರಿಗಾಹಿಯೂ ಅಲ್ಲ. ಕಾರನ ಕ್ಲಬ್ಬಿಗೆ ಅಷ್ಟರಮಟ್ಟಿಗೆ ತಲೆಬಾಗಲೇಬೇಕು.

ಅಲ್ಲದೆ, ಸಂಗತಿಗಳನ್ನು ಪರಿಶೀಲಿಸುವ ಮೊದಲು ಇತಿಹಾಸಕಾರನನ್ನು ಪರಿಶೀಲಿಸಿರೆಂದು ಹೇಳಿದವನೂ ಅದೇ ಕಾರ್. ಹಾಗಾದರೆ ಅವನು ನನ್ನ ಕಡೆಗೇ ವಾಲಿದಂತಾಯಿತಷ್ಟೆ: ಗ್ರಂಥದಲ್ಲಿ ಅಡಗಿಹೋಗುವ ಸಂಕೋಚ, ಊಹೆ, ತಡವರಿಕೆಗಳೆಲ್ಲ ಎದುರು ಕುಳಿತವನ ಮುಖದಲ್ಲಿ ಕಾಣುವುವು, ಸಂವಾದದ ಪ್ರಯೋಜನವು ವಿಷಯ ಸುಲಭವಾಗುವುದರಲ್ಲಿಲ್ಲ, ಸಂಶಯವು ಬಯಲಿಗೆ ಬರುವುದರಲ್ಲಿದೆ. ಹೀಗೆಂದು ನಾನು ಬಹುಕಾಲ ನಂಬಿದ್ದೆ, ಈಗಲೂ ಮುಕ್ಕಾಲುಪಾಲು ನಂಬುತ್ತೇನೆ. ಉಳಿದ ಕಾಲುಪಾಲೇ ತೊಂದರೆಯದು. ಅಂದು ಶಾನುಭೋಗನು ಕೇಳುವವನ ಮುಖ ನೋಡಿ ಉತ್ತರ ಹೊಂದಿಸಿಕೊಂಡನೆಂದರೆ, ಇಂದು ಜಾತಿಗೊಬ್ಬ ವೀರನನ್ನೂ ಊರಿಗೊಂದು ಪ್ರತಿಮೆಯನ್ನೂ ಬಯಸುವ ಸಭೆಯ ಮುಂದೆ ಇತಿಹಾಸಕಾರನು ಹಾಗೆ ಮಾಡಲಾರನೆನ್ನುವುದಕ್ಕೆ ಆಧಾರವೇನು?

ವೀರಗಲ್ಲು ನೋಡಿದ ಆ ದಿನವೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹುಡುಗನೊಬ್ಬ ಅದೇ ವಿದ್ವಾಂಸರನ್ನು, “ಓಬವ್ವ ನಮ್ಮ ಸೀಮ್ಯಾಕಿ ಹೌದಲ್ರಿ ಸರ?” ಎಂದು ಕೇಳಿದ. ಸುತ್ತ ಹತ್ತಾರು ಜನ ಕಿವಿಗೊಟ್ಟಿದ್ದರು. “ಹಾಗೆ ಹೇಳುತ್ತಾರಪ್ಪಾ” ಎಂದು ಅವರು ಕೂಡ್ಲಿಗಿಯ ಬಸ್ಸಿನ ವೇಳೆಯನ್ನು ವಿಚಾರಿಸಿದರು. ದಾಖಲೆಯಿಲ್ಲದೆಡೆ ಮಿತಿ ಮೀರದ ಸಂಯಮವೋ, ಊರವರ ನಡುವೆ ಕುಳಿತವನ ಜಾಗರೂಕತೆಯೋ ಅದು? ಅವರ ಮುಖವನ್ನು ನಾನು ಎದುರಿನಿಂದಲೇ ನೋಡುತ್ತಿದ್ದೆ. ನನಗದು ಗೊತ್ತಾಗಲಿಲ್ಲ.